ಬಿಳಿ ಬಟ್ಟೆ ಒಣಗಿದ ದಿನ

"ಭೂತಗನ್ನಡಿ ಕೊಡೋ," ಎಂದಳು ಅಕ್ಕ. ಅವಳ ಮೂಗು ಬೇಕರಿಯ ಗೋಡೆಗೆ ಅಂಟಿಕೊಂಡಿತ್ತು.

"ಮನೇಲೇ ಬಿಟ್ಟು ಬಂದೆ."

"ಪತ್ತೇದಾರಿಣಿಯ ತಮ್ಮ ಭೂತಗನ್ನಡಿ ಮನೇಲಿ ಬಿಟ್ಟು ಬರ್ತಾನೆ! ಪುಣ್ಯಕ್ಕೆ ಕಾರು ತಂದಿದೀಯ. ಇಲ್ಲಾಂದ್ರೆ ನಿನ್ನ ಹೆಗಲೇ ಗತಿಯಾಗ್ತಿತ್ತು."

ಬೇಕರಿಯವನು ಗಾಜಿನ ಲೋಟದ ತುಂಬ ನೀರು ತಂದುಕೊಟ್ಟ. ಅಕ್ಕ ಕುಡಿಯಲಿಲ್ಲ. ಗೋಡೆಯ ಪೋಸ್ಟರಿಗೆ ಅದನ್ನು ಅಡ್ಡ ಹಿಡಿದು ಲೋಟದೊಳಗಿಂದ ನೋಡತೊಡಗಿದಳು. ಪೋಸ್ಟರಿನ ಎಡಮೂಲೆ ಉಬ್ಬಿ ದೊಡ್ಡದಾಯಿತು. ನನ್ನಕ್ಕ ಇದ್ದಲ್ಲಿ ನೀರಿಗೂ ಬಿಡುವಿಲ್ಲ.

ಆ ಪೋಸ್ಟರು ಊರಿನ ಪ್ರತಿ ಅಂಗಡಿಯಲ್ಲೂ ಇದೆ. ತೈಲ ಸ್ಥಾವರದವರೇ ಅಚ್ಚು ಹಾಕಿಸಿ ಹಂಚಿದ್ದು. ಹಿಂದಿನ ಒಂದು ಪರೀಕ್ಷೆಯ ದಿನ ತೆಗೆದ ಫೋಟೋ: ನೀಲಿ ಆಕಾಶ, ಅದಕ್ಕೆ ಚುಚ್ಚಿದಂತೆ ಉದ್ದನೆಯ ಉಕ್ಕಿನ ಕೊಳವೆ, ತುದಿಯಲ್ಲಿ ಪುಟ್ಟ, ಚೊಕ್ಕ ಜ್ವಾಲೆ. ಹೊಗೆಯ ಸುಳಿವಿಲ್ಲ. ಕೆಳಗೆ, ಗೇಟಿನೊಳಗೆ ಆಗತಾನೇ ನುಗ್ಗುತ್ತಿರುವ ಪರೀಕ್ಷಾ ತಂಡದ ವ್ಯಾನು. ಅದರ ಅಡಿಯಲ್ಲಿ ದಪ್ಪಕ್ಷರ: 'ದಿಢೀರ್ ಪರೀಕ್ಷೆಗೂ ಸದಾ ಸಿದ್ಧ!'

ಈ 'ಸದಾ ಸಿದ್ಧ'ವೇ ನಮ್ಮ ತಲೆನೋವು. ಮೂರು ಸಲ ದಿಢೀರ್ ಪರೀಕ್ಷೆ ನಡೆದಿದೆ, ಮೂರು ಸಲವೂ ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದಾರೆ. ಕೊನೆಯ ಪರೀಕ್ಷೆ ನಾಳೆ ಬೆಳಿಗ್ಗೆ. ಅದೂ ಚೊಕ್ಕವಾಗಿ ಬಂದರೆ ಆ ಕೊಳವೆಗೆ ಇನ್ನು ಹತ್ತು ವರ್ಷದ ಪರವಾನಗಿ.

ಕೊಳವೆಗೆ ಊರಿನವರು ಇಟ್ಟ ಹೆಸರು ಮಾವ. ನಿದ್ದೆ ಮಾಡುವುದಿಲ್ಲ, ಬಾಯಿಂದ ಸಿಗರೇಟು ಇಳಿಸುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ, ಮನೆಮಂದಿಯೆಲ್ಲ ಅವನಿಂದ ಕೆಮ್ಮುತ್ತಾರೆ. ಮಾವ ಅಲ್ಲದೆ ಇನ್ನೇನು? ನೆಲದಿಂದ ಎಣ್ಣೆಯ ಜೊತೆ ಮೇಲೇಳುವ ಗ್ಯಾಸನ್ನು ಹಿಡಿದಿಡುವ ಗೋಜಿಗೆ ಹೋಗದೆ ಅಲ್ಲೇ ಸುಟ್ಟುಬಿಡುವುದು ಅವನ ಕಸುಬು. ಅವನ ದೆಸೆಯಿಂದ ಊರಿನ ತಗಡಿನ ಸೂರುಗಳು ಜರಡಿಯಾಗಿವೆ. ಮಳೆ ಬಂದರೆ ಮೊದಲ ನೀರು ಶಾಯಿಯಂತೆ ಇಳಿಯುತ್ತದೆ. ಆಸ್ಪತ್ರೆಯ ಎದೆ ವಾರ್ಡಿನಲ್ಲಿ ಮಕ್ಕಳು ಬರೆದ ಚಿತ್ರಗಳನ್ನು ಬೆಳಿಗ್ಗೆ ನೋಡಿದ್ದೆ: ಎಲ್ಲರೂ ಸೂರ್ಯನಿಗೆ ಒಂದು ಕಂಬ ಬರೆದಿದ್ದರು.

"ಇದೇನು?" ಅಕ್ಕ ಲೋಟದ ಮೇಲೆ ಬೆರಳಿಟ್ಟಳು.

ಬೇಕರಿಯವನು ಬಗ್ಗಿ ನೋಡಿದ. "ಸ್ಥಾವರದ ಕ್ವಾರ್ಟರ್ಸಿನ ತಾರಸಿ."

"ತಾರಸಿ ಮೇಲೆ?"

"ಹಗ್ಗ. ಬಟ್ಟೆ ಒಣಹಾಕಿದಾರೆ."

"ಬಣ್ಣ?"

ಬೇಕರಿಯವನ ಕೈ ಬ್ರೆಡ್ಡಿನ ಮೇಲೆ ನಿಂತೇ ಬಿಟ್ಟಿತು. "ಬಿಳಿ," ಎಂದ. ಕಾಗೆ ಬೆಳ್ಳಗಾಗಿದೆ ಎಂದು ಹೇಳುವವನ ದನಿ ಅದು.

ನನಗೇನೂ ಹೊಳೆಯಲಿಲ್ಲ. ಬಿಳಿ ಬಟ್ಟೆ ಒಣಗುವುದು ಯಾವ ಊರಿನಲ್ಲಿ ಅಪರಾಧ? ಅಕ್ಕ ನನ್ನನ್ನು ಕತ್ತು ಹಿಡಿದು ಬಾಗಿಲಿಗೆ ಕರೆತಂದಳು. "ಬೀದಿ ನೋಡು. ಹಗ್ಗಗಳನ್ನ ನೋಡು."

ನೋಡಿದೆ. ಎರಡೂ ಬದಿಯ ಮಹಡಿಗಳಲ್ಲಿ ಕಂದು, ಕಪ್ಪು, ಕಡುನೀಲಿ. ಇಡೀ ಬೀದಿ ಯಾರದೋ ದುಃಖಕ್ಕೆ ಹೊರಟು ನಿಂತಂತಿತ್ತು.

"ಇಲ್ಲಿ ಬಿಳಿ ಬಟ್ಟೆ ಮನೆಯೊಳಗೇ ಒಣಗೋದು," ಎಂದ ಬೇಕರಿಯವನು. "ಹೊರಗೆ ಹಾಕಿದ್ರೆ ಸಂಜೆಗೆ ಜೀಬ್ರಾ. ಬೆಳಿಗ್ಗೆ ಕಿಟಕಿ ದಂಡೆ ಮೇಲೆ ಬೆರಳಾಡಿಸಿ, ಬೆರಳಿನ ಬಣ್ಣ ನೋಡಿ ಅವತ್ತಿನ ಬಟ್ಟೆ ಆರಿಸ್ತೀವಿ. ನಮ್ಮಮ್ಮನೂ ಹಾಗೇ, ನನ್ನ ಹೆಂಡ್ತಿನೂ ಹಾಗೇ."

"ಈಗ ಗೋಡೆ ನೋಡಿ," ಅಕ್ಕ ಮತ್ತೆ ಲೋಟ ಹಿಡಿದಳು. "ಹಗ್ಗದ ಕೆಳಗೆ ಕಪ್ಪಗೆ ಒದ್ದೆ. ನೀರಿನ್ನೂ ತೊಟ್ಟಿಕ್ತಾ ಇದೆ. ವ್ಯಾನಿನ್ನೂ ಗೇಟಲ್ಲಿದೆ. ಅಂದ್ರೆ ವ್ಯಾನ್ ಬರೋಕೆ ಮುಂಚೆ ಒಗೆದಿದಾರೆ, ಅದಕ್ಕೂ ಮುಂಚೆ ನೆನೆಹಾಕಿದಾರೆ. ನಾಳೆ ಮಾವ ಹೊಗೆ ಬಿಡಲ್ಲ ಅಂತ ಈ ಮನೆಯವರಿಗೆ ಹಿಂದಿನ ದಿನವೇ ಗೊತ್ತಿತ್ತು."

ಸ್ಥಾವರದವರು ತಮ್ಮ ಖರ್ಚಿನಲ್ಲಿ, ಬಣ್ಣದಲ್ಲಿ, ಊರಿಡೀ ಅಂಟಿಸಿದ್ದ ಸಾಕ್ಷಿ! ಬರುವವರು ಹೋಗುವವರೆಲ್ಲ ಜ್ವಾಲೆ ನೋಡಿದರು, ಅಕ್ಕ ಹಗ್ಗ ನೋಡಿದಳು. ಅವಳ ಕಣ್ಣಿಗೊಂದು ಮಂಗಳಾರತಿ ಎತ್ತಬೇಕು.

"ಇಷ್ಟೊಂದು ಬಿಳಿ ಶರ್ಟು ಈ ಊರಲ್ಲಿ ಯಾರಿಗಿದೆ?"

"ಒಬ್ಬನಿಗೇ," ಎಂದ ಬೇಕರಿಯವನು. "ಮಾವನಿಗೆ ಸಿಗರೇಟು ಹಚ್ಚೋನು. ಕೊಳವೆ ಆಪರೇಟರ್. ಬಿಳಿ ಅಂಗಿ ಅಂತಲೇ ಕರೀತೀವಿ." ಅಷ್ಟು ಹೇಳಿ ಅವನ ದನಿ ಇಳಿಯಿತು. "ಅಕ್ಕಾ, ಬೇಗ ಮಾಡಿ. ಸೀಟಿ ನಿನ್ನೆಯಿಂದ ಏನೂ ತಿಂದಿಲ್ಲ."

ಸೀಟಿ ಅವನ ಮಗಳು. ಉಸಿರಾಡಿದರೆ ಎದೆ ಸೀಟಿ ಹೊಡೆಯುತ್ತದೆ ಎಂದು ವಾರ್ಡಿನ ಮಕ್ಕಳು ಇಟ್ಟ ಹೆಸರು. ಅವಳೂ ಅದನ್ನು ಬಿರುದಿನಂತೆ ಇಟ್ಟುಕೊಂಡಿದ್ದಾಳೆ. ಆ ವಾರ್ಡಿನ ಅಪ್ಪ ಅಮ್ಮಂದಿರ ಪರವಾಗಿ ಅಕ್ಕನನ್ನು ಕರೆಸಿದವನು ಇವನೇ.

*

ಬಿಳಿ ಅಂಗಿಯ ಮನೆಯಲ್ಲಿ ಕುರ್ಚಿ ಹುಡುಕಲು ಶರ್ಟುಗಳನ್ನು ಪರದೆಯಂತೆ ಸರಿಸಬೇಕಾಯಿತು. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಶರ್ಟು. ಎರಡು ತೋಳುಗಳ ನಡುವಿನಿಂದ ಒಂದು ಮೀಸೆ ಹೊರಬಂತು.

"ಪಾಳಿಗೆ ಹೊರಟಿದೀನಿ. ಚುಟುಕಾಗಿ ಹೇಳಿ."

"ನಿಮ್ಮ ಶರ್ಟು ನೋಡೋಕೆ ಬಂದ್ವಿ," ಎಂದಳು ಅಕ್ಕ.

ಬಂದವರು ಪೊಲೀಸರಾಗಿದ್ದರೆ ಬಾಗಿಲು ಮುಚ್ಚುತ್ತಿದ್ದ. ಶರ್ಟಿನ ಮಾತು ಕೇಳಿ ಕೂತೇಬಿಟ್ಟ. "ಇಡೀ ಊರಲ್ಲಿ ಬಿಳಿ ಹಾಕೋ ಧೈರ್ಯ ನನಗೊಬ್ಬನಿಗೇ."

"ಒಗೆಯೋ ಧೈರ್ಯ ನನ್ನದು," ಎಂದು ಒಳಗಿನಿಂದ ಹೆಂಡತಿಯ ದನಿ.

ಅಕ್ಕ ಆ ದನಿಯ ಬೆನ್ನು ಹಿಡಿದು ಅಡುಗೆಮನೆ ಹೊಕ್ಕಳು. ನಲ್ಲಿಯ ಕೆಳಗೆ ಖಾಲಿ ಬಕೆಟ್ಟು, ಪಕ್ಕದಲ್ಲಿ ಒಗೆಯಬೇಕಾದ ಬಿಳಿ ರಾಶಿ.

"ಇಷ್ಟೊಂದು ಇದೆಯಲ್ಲ ತಾಯಿ, ಇನ್ನೂ ನೆನೆಹಾಕಿಲ್ವಾ?"

"ಎಲ್ಲಿಂದ ಹಾಕಲಿ? ಇನ್ನೂ ಫೋನೇ ಬಂದಿಲ್ವಲ್ಲ!"

ಹಜಾರದಲ್ಲಿ ಒಂದು ಶರ್ಟು ಹಗ್ಗದಿಂದ ಜಾರಿ ಬಿತ್ತು. ಅದನ್ನು ಬೀಳಿಸಿದ ಕೈ ಬಿಳಿ ಅಂಗಿಯದು.

"ಯಾವ ಫೋನು?" ಅಕ್ಕ ತಿರುಗಿ ಬಂದು ಅವನೆದುರು ಕೂತಳು.

"ಅವಳಿಗೆ ತಲೆ ಕೆಟ್ಟಿದೆ."

"ನನ್ನ ತಲೆ ಸರಿಯಿದೆ," ಎಂದಳು ಹೆಂಡತಿ, ಸೌಟು ಹಿಡಿದು ಬಾಗಿಲಲ್ಲಿ ನಿಂತು. "ತಿಂಗಳುಗಟ್ಟಲೆ ಮನೆಯೊಳಗೆ ಒದ್ದೆ ತೋಳುಗಳ ಕೈಲಿ ಕಪಾಳಕ್ಕೆ ಹೊಡೆಸಿಕೊಂಡು ಓಡಾಡ್ತೀನಿ. ಫೋನ್ ಬಂದ ಮಾರನೆಯ ದಿನ ಒಂದೇ ನನಗೆ ಬಿಸಿಲು. ಮುಚ್ಚಿಡೋಕೆ ಏನಿದೆ?"

ಬಿಳಿ ಅಂಗಿ ಮೀಸೆ ಸವರಿಕೊಂಡ. ಮುಚ್ಚಿಡುವುದು ಅವನ ಸ್ವಭಾವಕ್ಕೇ ಒಗ್ಗುವ ವಿದ್ಯೆಯಲ್ಲ, ಜಂಬಕ್ಕೆ ಬಾಗಿಲಿರುವುದಿಲ್ಲ.

"ನೋಡಿ ಅಕ್ಕಾ, ಹೊಗೆ ನನ್ನ ತಪ್ಪಲ್ಲ. ಜ್ವಾಲೆಯ ಬುಡಕ್ಕೆ ಹಬೆ ಊದಿದ್ರೆ ಅದು ಸುತ್ತಲ ಗಾಳಿಯನ್ನ ಎಳ್ಕೊಂಡು ಪೂರ್ತಿ ಉರಿಯುತ್ತೆ. ಮಸಿ ಇಲ್ಲ, ನಾತ ಇಲ್ಲ. ಹಬೆ ಕಮ್ಮಿಯಾದ್ರೆ ಕರೀ ಹೊಗೆ, ಜಾಸ್ತಿಯಾದ್ರೆ ಉರಿಯೇ ನಂದುತ್ತೆ. ಮಧ್ಯೆ ಒಂದು ಕೂದಲೆಳೆ ಜಾಗ ಇದೆ. ಅಲ್ಲಿ ಮಾವನನ್ನ ನಿಲ್ಲಿಸೋದು ಈ ಕೈ ಒಂದೇ." ಕೈ ಎತ್ತಿ ತೋರಿಸಿದ. "ಆದ್ರೆ ಹಬೆ ಕೊಡೋರು ನಮ್ಮ ದೊಡ್ಡವರು, ಸ್ಥಾವರದ ಯಜಮಾನರು. ಖರ್ಚು ಅಂತಾರೆ. ಪರೀಕ್ಷೆ ಇದೆ ಅಂದ್ರೆ ಮಾತ್ರ ಬಿಡ್ತಾರೆ. ಅವತ್ತು ಬಂದು ನೋಡಿ ನನ್ನ ಜ್ವಾಲೇನ! ಮಲ್ಲಿಗೆ ಮೊಗ್ಗು."

ಆ ಕೈಯನ್ನು ನೋಡಿ ನನಗೆ ಅಸೂಯೆಯೇ ಆಯಿತು. ಇಷ್ಟು ದೊಡ್ಡ ಬೆಂಕಿಯನ್ನು ಮೊಗ್ಗಿನಂತೆ ನಿಲ್ಲಿಸಬಲ್ಲವನನ್ನು ವರ್ಷವೆಲ್ಲ ಮಸಿ ಉಗುಳಿಸಲು ಇಟ್ಟುಕೊಂಡಿದ್ದಾರೆ.

"ಪರೀಕ್ಷೆ ಇದೆ ಅಂತ ಫೋನ್ ಮಾಡೋರು ಯಾರು?"

"ಗೊತ್ತಿಲ್ಲ. ಕೊಳವೆ ಬುಡದ ನನ್ನ ಕ್ಯಾಬಿನ್ನಿಗೆ ಬರುತ್ತೆ. 'ನಾಳೆ ಬರ್ತಾರೆ' ಅನ್ನುತ್ತೆ, ಇಡುತ್ತೆ. ನಾನು ಮೇಲಕ್ಕೆ ಹೇಳ್ತೀನಿ. ಆ ಗಳಿಗೆಯಿಂದಲೇ ಹಬೆ."

"ದನಿ ಕೇಳಿದ್ರೆ ಗುರುತು ಹಿಡೀತೀರಾ?"

"ಕೇಳಿಸೋರು ಯಾರು?"

ಅಕ್ಕ ಸೆರಗು ಸರಿಮಾಡಿಕೊಂಡಳು. ನಾನು ಗೋಡೆಗೆ ಒರಗಿ ಕೂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು, ಒಮ್ಮೆ ಕಿವಿಗೆ ಬಿದ್ದ ದನಿ ಅವಳ ಗಂಟಲಲ್ಲಿ ಬಾಡಿಗೆಗೆ ಮನೆ ಹಿಡಿಯುತ್ತದೆ. ಪೊಲೀಸರು ಮುಖಗಳನ್ನು ಸಾಲು ನಿಲ್ಲಿಸಿದರೆ, ನನ್ನಕ್ಕ ದನಿಗಳನ್ನು ನಿಲ್ಲಿಸುತ್ತಾಳೆ. ಪರೀಕ್ಷೆಯ ದಿನ ಗೊತ್ತಿದ್ದವರನ್ನೂ ಸ್ಥಾವರದ ದೊಡ್ಡವರನ್ನೂ ನಾವು ಎರಡು ದಿನದಿಂದ ಮಾತಾಡಿಸಿದ್ದೆವು.

ಮೊದಲು ದೊಡ್ಡವರ ದನಿ ತೆಗೆದಳು. "ಖುಹ್ಹುಂ... ಖುಹ್ಹುಂ. ಹಬೆ ಅಂದ್ರೆ ಪುಕ್ಕಟೆ ಗಾಳಿ ಅಲ್ಲ. ತಿಳೀತಾ?"

ಬಿಳಿ ಅಂಗಿ ದಡಕ್ಕನೆ ಎದ್ದು ನಿಂತು ಕಾಲರಿನ ಗುಂಡಿ ಹಾಕಿಕೊಂಡ. ಹೆಂಡತಿ ಸೌಟು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನು ನಾಚಿ ಕೂತ. "ಅಬ್ಬ! ಕಾಲೇ ನಂಬಿಬಿಡ್ತು. ಆದ್ರೆ ಅವರಲ್ಲ."

ಆಮೇಲೆ ಪರೀಕ್ಷಾ ತಂಡದ ಮುಖ್ಯಸ್ಥ, ಒಂದೊಂದು ಪದಕ್ಕೂ ಒಂದೊಂದು ಆಕಳಿಕೆ. "ಗಾಳಿಯ... ಮಾದರಿಯನ್ನು... ಸಂಗ್ರಹಿಸಿ..."

"ಇವರು ಹೇಳಿ ಮುಗಿಸೋ ಹೊತ್ತಿಗೆ ಪರೀಕ್ಷೆನೇ ಮುಗಿದಿರುತ್ತೆ," ಎಂದಳು ಹೆಂಡತಿ. "ಇವರಲ್ಲ. ಅದು ಹೆಂಗಸು."

"ನೀನು ಸುಮ್ನಿರೇ!"

"ಒಂದು ಸಲ ನಿಮಗೆ ಊಟ ಕೊಡೋಕೆ ಬಂದಾಗ ನಾನೇ ಎತ್ತಿದ್ನಲ್ಲ!"

ಹಾಗಾದರೆ ತಂಡ ಉಳಿಯುವ ಲಾಡ್ಜಿನ ಯಜಮಾನಿ. ಅಕ್ಕ ಮೂಗಿನಿಂದ ಶುರುಮಾಡಿದಳು: "ರೂಮು ಮೂರು, ಬಿಸಿನೀರು ಬೆಳಿಗ್ಗೆ ಮಾತ್ರ, ಗೊಣಗಬಾರದು ರೀ!" ಗಂಡ ಹೆಂಡಿರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ಅಲ್ಲ.

ನಮ್ಮ ಪಟ್ಟಿಯೇ ಮುಗಿಯಿತು. ನಗೆಯ ಹುರುಪಿನಲ್ಲಿ ಹೆಂಡತಿ, "ಇನ್ನೊಂದು ಮಾಡಿ ಅಕ್ಕಾ, ಯಾರದಾದ್ರೂ," ಎಂದಳು. ಅಕ್ಕ ಅವಳ ಸಂತೋಷಕ್ಕೆಂದೇ, ಬೆಳಿಗ್ಗೆ ವಾರ್ಡಿನಲ್ಲಿ ಕೇಳಿದ್ದ ಒಂದು ದನಿ ತೆಗೆದಳು. ಮೆತ್ತಗೆ, ದಣಿದು, ಕೊನೆಯಲ್ಲಿ ಮಾತ್ರ ನಗುವ ದನಿ.

"ಉಸಿರು ಒಳಗೆ... ಇನ್ನೂ... ಇನ್ನೂ ಸ್ವಲ್ಪ... ಶಭಾಷ್."

ಹೆಂಡತಿಯ ಸೌಟು ಕೆಳಗಿಳಿಯಿತು. ಬಿಳಿ ಅಂಗಿ ಬಾಗಿಲ ಕಡೆ ನೋಡಿದ, ಆ ದನಿಯವರು ಅಲ್ಲಿ ಬಂದು ನಿಂತಿದ್ದಾರೋ ಎಂಬಂತೆ.

"ಇದೇ," ಎಂದ. "ನಾನು 'ಆಯ್ತು' ಅಂದ್ರೆ ಆ ಕಡೆಯಿಂದ ಹೀಗೇ 'ಶಭಾಷ್' ಅನ್ನುತ್ತೆ. ಯಾರು ಅವರು?"

ಅಕ್ಕ ಎದ್ದು ಹೊರಟಳು. ಕಾರಿಗೆ ಬರುವಷ್ಟರಲ್ಲಿ ನನಗೂ ಗುರುತು ಸಿಕ್ಕಿತ್ತು. ಅದು ಎದೆ ಡಾಕ್ಟರ ದನಿ. ಮಾವನ ಮೇಲೆ ದೂರು ಕೊಟ್ಟವರು, ದೂರುದಾರರೆಂಬ ಕಾರಣಕ್ಕೆ ಪರೀಕ್ಷೆಯ ದಿನ ಮೊದಲೇ ತಿಳಿಯುವವರು, ಬೆಳಿಗ್ಗೆ ನಮ್ಮ ಕೈ ಹಿಡಿದು "ಹುಡುಕಿ, ಸಿಕ್ಕರೆ ಮೊದಲು ನನಗೇ ಹೇಳಿ" ಎಂದವರು.

"ಕೊಂಡುಕೊಂಡುಬಿಟ್ಟಿದಾರೆ ಅವರನ್ನ," ಎಂದೆ ಕಹಿಯಾಗಿ.

"ಗೇರ್ ಹಾಕು," ಎಂದಳು ಅಕ್ಕ. "ಆಮೇಲೆ ತೀರ್ಮಾನ ಹಾಕು."

*

ಆಸ್ಪತ್ರೆ ತಲುಪುವಾಗ ಗಾಳಿ ತಿರುಗಿತ್ತು. ಮಾವ ಬಾಯಿ ತುಂಬ ಕರೀ ಹೊಗೆ ಎಳೆದು ನೇರ ವಾರ್ಡಿನ ಕಿಟಕಿಗೆ ಬಿಡುತ್ತಿದ್ದ. ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದ್ದರು. ಬಟ್ಟೆಯ ಅಂಚು ಆಗಲೇ ಕಪ್ಪು. ಒಂದು ಮಂಚಕ್ಕೆ ಎರಡೆರಡು ಮಕ್ಕಳು.

ಬೇಕರಿಯವನು ಮೂಲೆಯ ಮಂಚದ ಬಳಿ ನಿಂತಿದ್ದ. ಸೀಟಿಯ ಮುಖದ ಮೇಲೆ ಮಾಸ್ಕು. ಹೆಗಲು ಏರಿಳಿಯುತ್ತಿದ್ದರೂ ಸದ್ದಿರಲಿಲ್ಲ.

"ಡಾಕ್ಟ್ರೇ, ಸೀಟಿ ನಿಂತಿದೆ," ಎಂದ ಅವನು ಆಸೆಯಿಂದ. "ಒಳ್ಳೇದಲ್ವಾ?"

ಎದೆ ಡಾಕ್ಟರು ಸ್ಟೆತಾಸ್ಕೋಪು ಇಳಿಸಿದರು. "ಸೀಟಿ ಹೊಡೆಯೋಕೂ ಗಾಳಿ ಬೇಕು," ಎಂದರು ಮೆಲ್ಲಗೆ. ನರ್ಸಿಗೆ ಏನೋ ಔಷಧಿ ಹೇಳಿ, ಅದು ಏರುವವರೆಗೆ ಮಗುವಿನ ನಾಡಿ ಬಿಡಲಿಲ್ಲ. ಆಮೇಲೆ ನಮ್ಮತ್ತ ನೋಡಿದರು. ಅಕ್ಕನ ಮುಖದಲ್ಲಿ ಓದಬೇಕಾದದ್ದನ್ನು ಓದಿಕೊಂಡರು.

"ಸಿಕ್ಕೆನಾ?"

"ಸಿಕ್ಕಿದ್ರಿ," ಎಂದಳು ಅಕ್ಕ.

"ಮೂರು ಸಲವೂ ನಾನೇ." ಅವರು ಕಣ್ಣು ತಪ್ಪಿಸಲಿಲ್ಲ. "ಮೊದಲ ಸಲ ಪರೀಕ್ಷೆಯ ದಿನ ತಿಳಿದಾಗ ಇದೇ ಮಂಚದ ಮೇಲೆ ಇನ್ನೊಂದು ಮಗು ಇತ್ತು. ತುಟಿ ನೀಲಿ. ದೊಡ್ಡ ಆಸ್ಪತ್ರೆಗೆ ಕಳಿಸೋಣ ಅಂದ್ರೆ ದಾರಿ ಮಾವನ ಕಾಲಡಿಯಿಂದಲೇ. ನಾಳೆ ಪರೀಕ್ಷೆ ಅಂತ ಅವರಿಗೆ ಗೊತ್ತಾದ್ರೆ ಇವತ್ತೇ ಹಬೆ ಬಿಡ್ತಾರೆ ಅನ್ನೋದೊಂದು ಹೊಳೀತು. ಫೋನ್ ಮಾಡ್ದೆ. ಸಂಜೆಯೊಳಗೆ ಹೊಗೆ ನಿಂತಿತು. ಮಗು ಮನೆಗೆ ಹೋಯಿತು."

"ನಿಮ್ಮ ದೂರು ಸುಳ್ಳಾಯಿತು."

"ಪುರಾವೆ ಇನ್ನೊಂದು ಸಲ ಸಿಗುತ್ತೆ ಅಂದುಕೊಂಡೆ. ಮಗು ಇನ್ನೊಂದು ಸಲ ಸಿಗಲ್ಲವಲ್ಲ."

ಕಾರಿನಲ್ಲಿ ಆಡಿದ ಮಾತು ನೆನಪಾಗಿ ನನ್ನ ಕಿವಿ ಕೆಂಪಾಯಿತು. ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡು ಪರರ ಮಕ್ಕಳಿಗೆ ಒಂದೊಂದು ದಿನದ ಬಿಳಿ ಗಾಳಿ ಕೊಡಿಸಿದ ಹೆಂಗಸು! ಇಂಥ ಕಳ್ಳರನ್ನು ಹಿಡಿದ ಮೇಲೆ ಸಲಾಂ ಹೊಡೆದು ಬಿಟ್ಟುಬಿಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕಾನೂನಿನ ದುರದೃಷ್ಟ.

ಬೇಕರಿಯವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಪುರಾವೆ ಬೇಕೆಂದು ಊರೆಲ್ಲ ಓಡಾಡಿದವನು ಈಗ ಮಗಳ ಹೆಗಲನ್ನು ನೋಡುತ್ತಿದ್ದ.

"ಇವತ್ತು ಫೋನ್ ಮಾಡಿದ್ರೆ ನಾಳೆಯ ಪರೀಕ್ಷೆ ಹೋಯಿತು, ಹತ್ತು ವರ್ಷ ಹೋಯಿತು," ಎಂದರು ಡಾಕ್ಟರು. "ಮಾಡದಿದ್ರೆ..." ಮಾತು ಮುಗಿಸದೆ ಕೋಟಿನ ಜೇಬಿನಿಂದ ಫೋನು ತೆಗೆದರು. "ಅಕ್ಕಾ, ಇದನ್ನ ಕಿತ್ತುಕೊಳ್ಳಿ, ಇಲ್ಲಾಂದ್ರೆ ನಾನು ಮಾಡಿಬಿಡ್ತೀನಿ."

ಅಕ್ಕ ಕಿತ್ತುಕೊಂಡಳು. "ಇವಳಿಗೆ ಎಷ್ಟು ಹೊತ್ತು ಒಳ್ಳೆ ಗಾಳಿ ಬೇಕು?"

"ಈಗಿಂದ ಬೆಳಗಿನವರೆಗೆ ಸಿಕ್ಕರೆ ದಾಟ್ತಾಳೆ."

"ತಂಡ ಬರೋದು?"

"ತಿಂಡಿ ಮುಗಿಸಿ, ಬಿಸಿಲೇರಿದ ಮೇಲೆ."

ಅಕ್ಕನ ಹುಬ್ಬು ಮೇಲೇರಿತು. ಆ ಹುಬ್ಬು ಏರಿದಾಗಲೆಲ್ಲ ನಾನು ಓಡಿಹೋಗಲು ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳುತ್ತೇನೆ.

"ಹಾಗಾದ್ರೆ ರಾತ್ರಿಯೆಲ್ಲ ಹಬೆ ಬೇಕು, ಬೆಳಿಗ್ಗೆ ಎಂದಿನ ಹೊಗೆ ಬೇಕು. ಪರೀಕ್ಷೆಯ ಮಾತೇ ಬರಬಾರದು. ಹಾಗೆ ಹೇಳಬಲ್ಲವರು ಒಬ್ಬರೇ."

"ದೊಡ್ಡವರು ಯಾಕೆ ಹೇಳ್ತಾರೆ?" ಎಂದೆ.

"ಹೇಳಲ್ಲ. ನಾನು ಹೇಳ್ತೀನಿ."

"ಅಕ್ಕಾ! ಒಂದು ಗಂಟೆ ಹಿಂದೆ ಬಿಳಿ ಅಂಗಿಯ ಎದುರಿಗೇ ಆ ದನಿ ತೆಗೆದಿದೀಯ. ಹಿಡಿದುಬಿಡ್ತಾನೆ."

"ಆಗಲೂ ಅವನಿಗೆ ಗೊತ್ತಿತ್ತು, ಎದುರಿಗಿರೋಳು ನಾನು ಅಂತ. ಆದ್ರೂ ಎದ್ದು ನಿಂತನಲ್ಲ?" ಅವಳು ಆಗಲೇ ಡಾಕ್ಟರ ಫೋನಿನಲ್ಲಿದ್ದ ಕ್ಯಾಬಿನ್ನಿನ ಸಂಖ್ಯೆ ಒತ್ತಿದ್ದಳು. ಡಾಕ್ಟರಿಗೂ ಬೇಕರಿಯವನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ಎರಡು ರಿಂಗಿಗೆ ಆ ಕಡೆ ಎತ್ತಿದರು. "ಹಲೋ, ಕೊಳವೆ ಕ್ಯಾಬಿನ್." ಬಿಳಿ ಅಂಗಿಯದೇ ದನಿ. ಯಾಕೋ ತುಂಬ ತಗ್ಗಿತ್ತು.

ಅಕ್ಕ ಎದೆ ಉಬ್ಬಿಸಿದಳು. ಅವಳ ಗಲ್ಲದ ಕೆಳಗೆ ಇಲ್ಲದ ಮಡಿಕೆಯೊಂದು ಮೂಡಿತು.

"ಖುಹ್ಹುಂ... ಖುಹ್ಹುಂ. ನಮ್ಮ ಮನೆಗೆ ಅತಿಥಿಗಳು ಬಂದಿದಾರೆ. ಅಂಗಳದಲ್ಲಿ ಊಟ. ಈಗಿಂದ ಬೆಳಗಿನವರೆಗೆ ಪೂರ್ತಿ ಹಬೆ ಬಿಡಿ, ಹೊಗೆ ಕಾಣಬಾರದು. ಬೆಳಿಗ್ಗೆ ಎಂದಿನಂತೆ. ತಿಳೀತಾ?"

ಎಷ್ಟು ಸೊಗಸಾಗಿ ಬಂತೆಂದರೆ ನರ್ಸೊಬ್ಬಳು ಗಾಬರಿಯಾಗಿ ತಲೆಗೂದಲು ಸರಿಮಾಡಿಕೊಂಡಳು. ಸೀಟಿ ಮಾಸ್ಕಿನೊಳಗಿಂದ ಅಕ್ಕನತ್ತ ಕಣ್ಣು ಹೊರಳಿಸಿದಳು. ಆ ಕಣ್ಣಿನಲ್ಲಿ ನಗು ಇತ್ತೆಂದು ನಾನು ಆಣೆ ಇಡಬಲ್ಲೆ.

ಆ ಕಡೆ ಉಕ್ಕಿನ ಕುರ್ಚಿಯೊಂದು ಕಿರುಗುಟ್ಟಿತು. ಬಿಳಿ ಅಂಗಿ ಎದ್ದು ನಿಂತನೆಂದುಕೊಂಡೆ.

ಎದ್ದವನು ಬೇರೆ.

"ಖುಹ್ಹುಂ... ಖುಹ್ಹುಂ," ಎಂದಿತು ಫೋನು. ಅದೇ ಗಂಟಲು, ಅದೇ ಕೆಮ್ಮು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಅತಿಥಿಗಳು ಬಂದಿರೋ ವಿಷಯ ನನಗೇ ಗೊತ್ತಿರಲಿಲ್ಲ. ನಾನು ಅಲ್ಲಿಂದ ಮಾತಾಡ್ತಾ ಇದೀನಿ ಅಂದ್ರೆ, ಇಲ್ಲಿ ಹಬೆಯ ಕೀಲಿ ಹಿಡಿದು ನಿಂತಿರೋನು ಯಾರು?"